ಆಲ್ಬ್ರೆಕ್ಟ್ ಕೊಸೆಲ್ (1853–1927): ಕೋಶಕೇಂದ್ರದ ರಸಾಯನವನ್ನು ಬಿಡಿಸಿ ತೋರಿದ ವಿಜ್ಞಾನಿ

ಪೀಠಿಕೆ

ಮಾನವನ ದೇಹದ ಜೀವಕೋಶಗಳಲ್ಲಿ, ಕೆಂಪು ರಕ್ತಕಣಗಳಂತಹ ಕೆಲವನ್ನು ಹೊರತುಪಡಿಸಿ, ಪ್ರತಿಯೊಂದರ ಕೇಂದ್ರದಲ್ಲಿಯೂ ಒಟ್ಟು ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಎಳೆಗಳು ಅಡಕವಾಗಿರುತ್ತವೆ. ಆ ಕೋಶಕೇಂದ್ರದ ಅಗಲವಾದರೋ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಇಷ್ಟು ಉದ್ದದ ಎಳೆಯು ಇಷ್ಟು ಕಿರಿದಾದ ಸ್ಥಳದಲ್ಲಿ ತೊಡಕಿಲ್ಲದೆ ನೆಲೆಸಲು ಹಿಸ್ಟೋನ್ ಎಂಬ ಪ್ರೋಟೀನುಗಳು ಕಾರಣವಾಗಿವೆ. ಡಿಎನ್‌ಎ ಎಳೆಯು ಹಿಸ್ಟೋನುಗಳ ಮೇಲೆ ಸುತ್ತಿಕೊಂಡು ಉಂಟಾಗುವ ಸಂಯುಕ್ತ ವಸ್ತುವಿಗೆ ಕ್ರೊಮ್ಯಾಟಿನ್ ಎಂದು ಹೆಸರು. ದೇಹಕ್ಕೆ ಬೇಕಾದ ಪ್ರೋಟೀನುಗಳನ್ನು ತಯಾರಿಸಲು ವಂಶವಾಹಿಯ ಸಂದೇಶವನ್ನು ಮೊದಲು ಆರ್‌ಎನ್‌ಎ ರೂಪದಲ್ಲಿ ನಕಲು ಮಾಡಬೇಕಾಗುತ್ತದೆ. ಪ್ರತಿಲೇಖನವೆಂದು ಕರೆಯಲಾಗುವ ಈ ಕಾರ್ಯವು ಕ್ರೊಮ್ಯಾಟಿನ್ನಿನ ಸುತ್ತುಗಳ ಮೂಲಕವೇ ಸಾಗಬೇಕು.

ಹಿಸ್ಟೋನನ್ನು 1884ರಲ್ಲಿ ಮೊದಲ ಬಾರಿಗೆ ಬೇರ್ಪಡಿಸಿ ಅದಕ್ಕೆ ಹೆಸರನ್ನಿತ್ತವರು ಜರ್ಮನಿಯ ಜೀವರಸಾಯನ ವಿಜ್ಞಾನಿ ಆಲ್ಬ್ರೆಕ್ಟ್ ಕೊಸೆಲ್‌ರವರು. ಡಿಎನ್‌ಎ ಮತ್ತು ಆರ್‌ಎನ್‌ಎಗಳ ಘಟಕಗಳಾದ ಪ್ರತ್ಯಾಮ್ಲಗಳನ್ನು ಗುರುತಿಸಿದ ಕೀರ್ತಿಯೂ ಬಹುಪಾಲು ಇವರಿಗೇ ಸಲ್ಲುತ್ತದೆ. ಪ್ರಯೋಗದಿಂದ ಸಿದ್ಧಪಟ್ಟದ್ದನ್ನು ಮಾತ್ರ ಹೇಳುವುದು, ಸಿದ್ಧಪಡದಿದ್ದುದಕ್ಕೆ ಒಪ್ಪಿಗೆ ನೀಡದಿರುವುದು ಇವರ ವೃತ್ತಿಜೀವನದ ಉದ್ದಕ್ಕೂ ಕಂಡುಬರುವ ಗುಣವಾಗಿದೆ. ಇವರ ಜೀವನ ಹಾಗೂ ಸಾಧನೆಯ ಸಂಕ್ಷಿಪ್ತ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕೊಸೆಲ್‌ರವರು 1853ರ ಸೆಪ್ಟೆಂಬರ್ 16ರಂದು ಬಾಲ್ಟಿಕ್ ಸಮುದ್ರದ ಬಳಿಯ ಬಂದರು ನಗರವಾದ ರೋಸ್ಟಾಕ್‌ನಲ್ಲಿ ಜನಿಸಿದರು. ತಂದೆ ವ್ಯಾಪಾರಿಗಳಾಗಿದ್ದು, ಪ್ರಷ್ಯಾ ರಾಜ್ಯದ ಕಾನ್ಸಲ್ ಆಗಿಯೂ ಸೇವೆ ಸಲ್ಲಿಸಿದ್ದರು. ತಾಯಿ ಕ್ಲಾರಾ. ಶಾಲಾ ದಿನಗಳಲ್ಲಿಯೇ ಬಾಲಕ ಕೊಸೆಲ್‌ರಿಗೆ ಸಸ್ಯಶಾಸ್ತ್ರ ಹಾಗೂ ರಸಾಯನಶಾಸ್ತ್ರಗಳಲ್ಲಿ ವಿಶೇಷ ಆಸಕ್ತಿಯಿತ್ತು.

1872ರಲ್ಲಿ ಅವರು ವೈದ್ಯಕೀಯ ವ್ಯಾಸಂಗಕ್ಕಾಗಿ ಸ್ಟ್ರಾಸ್‌ಬುರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಶರೀರಕ್ರಿಯಾ ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದವರು ಆ ಕಾಲದ ಪ್ರಖ್ಯಾತ ವಿದ್ವಾಂಸರಾದ ಫೆಲಿಕ್ಸ್ ಹಾಪ್ಪೆ-ಜೈಲರ್. ಜೀವಿಗಳ ದೇಹದಲ್ಲಿ ನಡೆಯುವ ಕ್ರಿಯೆಗಳನ್ನು ರಸಾಯನಶಾಸ್ತ್ರದ ವಿಧಾನಗಳಿಂದ ಅರಿಯಬಹುದೆಂಬ ವಿಚಾರವು ಆಗಿನ್ನೂ ಹೊಸದಾಗಿತ್ತು. ಹಾಪ್ಪೆ-ಜೈಲರ್‌ರವರ ಪಾಠಪ್ರವಚನಗಳು ಕೊಸೆಲ್‌ರವರ ಮುಂದಿನ ದಾರಿಯನ್ನು ನಿರ್ಧರಿಸಿದವು. ರೋಸ್ಟಾಕ್‌ನಲ್ಲಿ ವ್ಯಾಸಂಗವನ್ನು ಪೂರ್ಣಗೊಳಿಸಿ, 1877ರಲ್ಲಿ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ ನಂತರ ಅವರು ವೈದ್ಯವೃತ್ತಿಯನ್ನು ಕೈಗೊಳ್ಳಲಿಲ್ಲ. ಅದೇ ವರ್ಷ ಸ್ಟ್ರಾಸ್‌ಬುರ್ಗ್‌ಗೆ ಹಿಂದಿರುಗಿ ಗುರುಗಳ ಪ್ರಯೋಗಾಲಯದಲ್ಲಿ ಸಹಾಯಕರಾಗಿ ಕೆಲಸಕ್ಕೆ ಸೇರಿದರು.

ನ್ಯೂಕ್ಲೀನ್ ಕುರಿತ ಆರಂಭಿಕ ಸಂಶೋಧನೆ

ಹಾಪ್ಪೆ-ಜೈಲರ್‌ರವರ ಇನ್ನೊಬ್ಬ ಶಿಷ್ಯರಾದ ಸ್ವಿಟ್ಜರ್ಲೆಂಡಿನ ಫ್ರೀಡ್ರಿಶ್ ಮೀಷರ್‌ರವರು 1869ರಲ್ಲಿ, ಟ್ಯೂಬಿಂಗನ್ ನಗರದಲ್ಲಿ, ಗಾಯದ ಪಟ್ಟಿಗಳ ಮೇಲಿನ ಕೀವಿನ ಕೋಶಗಳಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ್ದರು. ರಂಜಕವು ಹೇರಳವಾಗಿದ್ದ ಈ ವಸ್ತುವು ಕೋಶಕೇಂದ್ರದಿಂದ ದೊರೆತದ್ದರಿಂದ ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಡಲಾಗಿತ್ತು. ಆದರೆ ಅದು ಯಾವ ಘಟಕಗಳಿಂದ ಆಗಿದೆ, ದೇಹದಲ್ಲಿ ಅದರ ಪ್ರಯೋಜನವೇನು ಎಂಬುದು ತಿಳಿದಿರಲಿಲ್ಲ.

ಕೊಸೆಲ್‌ರವರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ನ್ಯೂಕ್ಲೀನ್ ಎಂಬುದು ದೇಹವು ಕಷ್ಟಕಾಲಕ್ಕಾಗಿ ಕೂಡಿಡುವ ಆಹಾರವಾಗಿದ್ದರೆ, ಉಪವಾಸದ ಸಮಯದಲ್ಲಿ ಅದರ ಪ್ರಮಾಣ ಇಳಿಯಬೇಕಿತ್ತು. ಆಹಾರವಿಲ್ಲದ ಪ್ರಾಣಿಗಳ ಅಂಗಾಂಶಗಳನ್ನು ಪರೀಕ್ಷಿಸಿದಾಗ ಹಾಗೆ ಆಗುವುದಿಲ್ಲವೆಂದು ಕಂಡುಬಂದಿತು. ಸ್ನಾಯುಗಳ ಶ್ರಮಕ್ಕೆ ಬೇಕಾದ ಶಕ್ತಿಯೂ ಅದರಿಂದ ಬರುವುದಿಲ್ಲವೆಂದು ತಿಳಿಯಿತು. ಇದಕ್ಕೆ ವಿರುದ್ಧವಾಗಿ, ಬೆಳೆಯುತ್ತಿರುವ ಭ್ರೂಣದ ಅಂಗಾಂಶಗಳಲ್ಲಿ ಅದು ಹೇರಳವಾಗಿತ್ತು. ಹೊಸ ಅಂಗಾಂಶಗಳು ಹುಟ್ಟುವ ಕಾರ್ಯಕ್ಕೂ ನ್ಯೂಕ್ಲೀನ್‌ಗೂ ಸಂಬಂಧವಿದೆ ಎಂಬ ತೀರ್ಮಾನಕ್ಕೆ ಕೊಸೆಲ್‌ರವರು ಬಂದರು. ಅನುವಂಶೀಯತೆಯ ರಾಸಾಯನಿಕ ನೆಲೆ ಯಾವುದೆಂದು ಯಾರಿಗೂ ತಿಳಿದಿಲ್ಲದ ಕಾಲದಲ್ಲಿ ಇದು ಮಹತ್ವದ ಹೆಜ್ಜೆಯಾಗಿತ್ತು. ಆದರೂ ಪ್ರಯೋಗದ ಫಲಿತಾಂಶವನ್ನು ಮೀರಿದ ಊಹೆಗಳನ್ನು ಅವರು ಅದಕ್ಕೆ ಸೇರಿಸಲಿಲ್ಲ.

ಬರ್ಲಿನ್‌ನಲ್ಲಿ ಹಿಸ್ಟೋನ್ ಶೋಧ

1883ರಲ್ಲಿ ಕೊಸೆಲ್‌ರವರು ಬರ್ಲಿನ್ ವಿಶ್ವವಿದ್ಯಾನಿಲಯದ ಶರೀರಕ್ರಿಯಾ ವಿಜ್ಞಾನ ಸಂಸ್ಥೆಯ ರಸಾಯನ ವಿಭಾಗದ ಮುಖ್ಯಸ್ಥರಾಗಿ ನೇಮಕಗೊಂಡರು. ಮರುವರ್ಷವೇ ಅಲ್ಲಿ ಹಿಸ್ಟೋನ್ ಪತ್ತೆಯಾಯಿತು.

ಈ ಸಂಶೋಧನೆಗೆ ಅವರು ಆರಿಸಿಕೊಂಡದ್ದು ಹೆಬ್ಬಾತಿನ ರಕ್ತವನ್ನು. ಮನುಷ್ಯನ ಪ್ರೌಢ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವಿರುವುದಿಲ್ಲ. ಪಕ್ಷಿಗಳ ರಕ್ತಕಣಗಳಲ್ಲಿ ಇರುತ್ತದೆ. ಆದ್ದರಿಂದ ಹಕ್ಕಿಯ ರಕ್ತದಿಂದ ಕೋಶಕೇಂದ್ರಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಸಂಗ್ರಹಿಸಲು ಸಾಧ್ಯವಾಯಿತು. ಅವುಗಳಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಸೇರಿಸಿದಾಗ, ಒಂದು ಬಗೆಯ ಪ್ರೋಟೀನು ಕರಗಿ ಹೊರಬಂದಿತು. ಉಳಿದ ಪ್ರೋಟೀನುಗಳಿಗೆ ಹೋಲಿಸಿದರೆ ಇದು ಬಲವಾದ ಕ್ಷಾರೀಯ ಗುಣವನ್ನು ಹೊಂದಿತ್ತು. ಆಮ್ಲೀಯ ಗುಣದ ನ್ಯೂಕ್ಲೀನ್‌ನೊಂದಿಗೆ ಅದು ಕೂಡಿಕೊಂಡಿರುವುದನ್ನು ಗಮನಿಸಿದ ಕೊಸೆಲ್‌ರವರು ಅದನ್ನು ಹಿಸ್ಟೋನ್ ಎಂದು ಕರೆದರು.

ಇದಕ್ಕೆ ಕೆಲವೇ ವರ್ಷಗಳ ಮೊದಲು, 1880ರ ಸುಮಾರಿಗೆ, ಕೀಲ್ ನಗರದ ವಾಲ್ಟರ್ ಫ್ಲೆಮಿಂಗ್‌ರವರು ಕೋಶಕೇಂದ್ರದಲ್ಲಿ ಬಣ್ಣವನ್ನು ಚೆನ್ನಾಗಿ ಹೀರುವ ಪದಾರ್ಥವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಅದಕ್ಕೆ ಕ್ರೊಮ್ಯಾಟಿನ್ ಎಂಬ ಹೆಸರನ್ನು ನೀಡಿದ್ದರು. ಫ್ಲೆಮಿಂಗ್‌ರವರು ಕಣ್ಣಿನಿಂದ ನೋಡಿದ ವಸ್ತುವಿನ ಎರಡು ಮುಖ್ಯ ಭಾಗಗಳನ್ನು, ಅಂದರೆ ನ್ಯೂಕ್ಲಿಯಿಕ್ ಆಮ್ಲ ಮತ್ತು ಹಿಸ್ಟೋನುಗಳನ್ನು, ಕೊಸೆಲ್‌ರವರು ರಾಸಾಯನಿಕವಾಗಿ ಪ್ರತ್ಯೇಕಿಸಿ ಪರೀಕ್ಷಿಸಿದರು.

ಪ್ರತ್ಯಾಮ್ಲಗಳ ಗುರುತಿಸುವಿಕೆ

ದೊಡ್ಡ ಅಣುವನ್ನು ಅರಿಯಲು ಮೊದಲು ಅದನ್ನು ಒಡೆದು, ದೊರೆತ ಚೂರುಗಳನ್ನು ಒಂದೊಂದಾಗಿ ಶುದ್ಧೀಕರಿಸಬೇಕು ಎಂಬುದು ಕೊಸೆಲ್‌ರವರ ಕಾರ್ಯವಿಧಾನವಾಗಿತ್ತು. ಮನೆಯ ಗೋಡೆಯು ಇಟ್ಟಿಗೆಗಳಿಂದಾಗಿರುವಂತೆ ಜೀವಕೋಶದ ಅಣುಗಳು ಕೆಲವೇ ಬಗೆಯ ಘಟಕಗಳಿಂದ ಆಗಿವೆ ಎಂಬುದನ್ನು ಅವರ ಕೆಲಸವು ತೋರಿಸಿಕೊಟ್ಟಿತು.

ಗ್ವಾನಿನ್ ಎಂಬ ವಸ್ತುವು 1844ರಲ್ಲಿಯೇ ಕಡಲಹಕ್ಕಿಗಳ ಹಿಕ್ಕೆಯಿಂದ ದೊರೆತಿತ್ತು. ಅದು ನ್ಯೂಕ್ಲೀನ್‌ನಲ್ಲಿಯೂ ಇದೆಯೆಂದು ಕೊಸೆಲ್‌ರವರು ತೋರಿಸಿದರು. 1885ರಲ್ಲಿ ಎತ್ತಿನ ಮೇದೋಜೀರಕ ಗ್ರಂಥಿಯಿಂದ ಅಡೆನಿನ್ ಅನ್ನು ಪ್ರತ್ಯೇಕಿಸಿದರು. ಗ್ರಂಥಿ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಆ ಹೆಸರು ಬಂದಿದೆ. ಆಲ್ಬರ್ಟ್ ನಾಯ್‌ಮನ್‌ರವರೊಂದಿಗೆ 1893ರಲ್ಲಿ ಕರುವಿನ ಥೈಮಸ್ ಗ್ರಂಥಿಯಿಂದ ಥೈಮಿನ್ ಅನ್ನು, 1894ರಲ್ಲಿ ಸೈಟೋಸಿನ್ ಅನ್ನು ಪಡೆಯಲಾಯಿತು. ಆರ್‌ಎನ್‌ಎಯಲ್ಲಿ ಥೈಮಿನ್‌ನ ಸ್ಥಾನದಲ್ಲಿರುವ ಯುರಾಸಿಲ್ ಅನ್ನು 1900ರಲ್ಲಿ ಅವರ ಪ್ರಯೋಗಾಲಯದಲ್ಲಿಯೇ ಆಲ್ಬರ್ಟೊ ಆಸ್ಕೊಲಿಯವರು ಬೇರ್ಪಡಿಸಿದರು. ಇಂದು ಶಾಲಾ ಪಠ್ಯಪುಸ್ತಕಗಳಲ್ಲಿ ಎ, ಟಿ, ಜಿ, ಸಿ ಎಂಬ ಅಕ್ಷರಗಳಿಂದ ಸೂಚಿಸಲ್ಪಡುವ ವಂಶವಾಹಿಯ ಲಿಪಿಯು ಹೀಗೆ ಒಂದೊಂದೇ ಅಕ್ಷರವಾಗಿ ಬೆಳಕಿಗೆ ಬಂದಿತು. ಇದೇ ಅವಧಿಯಲ್ಲಿ, 1888ರಲ್ಲಿ, ಕೊಸೆಲ್‌ರವರು ಚಹಾ ಎಲೆಯಿಂದ ಥಿಯೋಫಿಲಿನ್ ಎಂಬ ವಸ್ತುವನ್ನೂ ಪಡೆದರು. ಮುಂದೆ ಇದು ಉಬ್ಬಸ ರೋಗಕ್ಕೆ ಔಷಧವಾಗಿ ಬಳಕೆಗೆ ಬಂದಿತು.

ಕುಟುಂಬ

1886ರಲ್ಲಿ ಕೊಸೆಲ್‌ರವರ ವಿವಾಹವು ಲೂಯಿಸೆ ಹೋಲ್ಟ್ಸ್‌ಮನ್‌ರವರೊಂದಿಗೆ ನೆರವೇರಿತು. ಲೂಯಿಸೆಯವರ ತಂದೆ ಅಡೋಲ್ಫ್ ಹೋಲ್ಟ್ಸ್‌ಮನ್‌ರವರು ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಜರ್ಮನ್ ಸಾಹಿತ್ಯ ಹಾಗೂ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದವರು. ದಂಪತಿಗಳ ಮಗ ವಾಲ್ಟರ್ ಕೊಸೆಲ್‌ರವರು ಭೌತವಿಜ್ಞಾನಿಯಾಗಿ, 1916ರಲ್ಲಿ ರಾಸಾಯನಿಕ ಬಂಧದ ಕುರಿತು ಮಂಡಿಸಿದ ಸಿದ್ಧಾಂತದಿಂದ ಪ್ರಸಿದ್ಧರಾದರು. ಮಗಳ ಹೆಸರು ಗೆರ್ಟ್ರೂಡ್. ಪತ್ನಿ ಲೂಯಿಸೆಯವರು 1913ರಲ್ಲಿ ನಿಧನರಾದರು.

ಮಾರ್ಬುರ್ಗ್: ಮೀನಿನ ವೀರ್ಯದಿಂದ ದೊರೆತ ತಿಳಿವಳಿಕೆ

1895ರಲ್ಲಿ ಕೊಸೆಲ್‌ರವರು ಮಾರ್ಬುರ್ಗ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿಯೂ ಶರೀರಕ್ರಿಯಾ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ನೇಮಕಗೊಂಡರು. ಗುರುಗಳು ಸ್ಥಾಪಿಸಿದ್ದ ಶರೀರಕ್ರಿಯಾ ರಸಾಯನಶಾಸ್ತ್ರದ ಪತ್ರಿಕೆಯ ಸಂಪಾದಕತ್ವವೂ ಅವರ ಪಾಲಿಗೆ ಬಂದಿತು. ಈ ಹೊಣೆಯನ್ನು ಅವರು ಕೊನೆಯವರೆಗೂ ನಿರ್ವಹಿಸಿದರು.

ಹಿಸ್ಟೋನಿಗೆ ಕ್ಷಾರೀಯ ಗುಣ ಬಂದುದು ಹೇಗೆಂಬುದನ್ನು ತಿಳಿಯಲು ಅವರು ಅದಕ್ಕಿಂತ ಸರಳವಾದ ಪ್ರೋಟಮಿನ್ ಎಂಬ ವಸ್ತುವಿನತ್ತ ತಿರುಗಿದರು. ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯದಲ್ಲಿ ಮೀಷರ್‌ರವರು 1874ರಲ್ಲಿ ಇದನ್ನು ಕಂಡಿದ್ದರು. ಕೊಸೆಲ್‌ರವರು ಹೆರಿಂಗ್, ಸ್ಟರ್ಜನ್ ಮೊದಲಾದ ಮೀನುಗಳ ವೀರ್ಯದಿಂದ ಪ್ರೋಟಮಿನ್‌ಗಳನ್ನು ಪಡೆದು ಒಡೆದು ನೋಡಿದರು. 1896ರಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವು ಅವರಿಗೆ ದೊರೆಯಿತು. ಅದೇ ವರ್ಷ ಸ್ವೀಡನ್ನಿನ ಸ್ವೆನ್ ಹೆಡಿನ್‌ರವರೂ ಸ್ವತಂತ್ರವಾಗಿ ಇದನ್ನು ಪತ್ತೆಹಚ್ಚಿದರು. ಅರ್ಜಿನಿನ್, ಲೈಸಿನ್ ಮತ್ತು ಹಿಸ್ಟಿಡಿನ್ ಎಂಬ ಮೂರು ಕ್ಷಾರೀಯ ಅಮೈನೋ ಆಮ್ಲಗಳನ್ನು ಪ್ರತ್ಯೇಕಿಸಿ ಅಳೆಯುವ ಖಚಿತ ವಿಧಾನವನ್ನು ಕೊಸೆಲ್‌ರವರು ರೂಪಿಸಿದರು.

ಈ ಅಳತೆಯ ಮಹತ್ವವು ನಂತರದ ಕಾಲದಲ್ಲಿ ಸ್ಪಷ್ಟವಾಯಿತು. ಡಿಎನ್‌ಎಯ ಬೆನ್ನೆಲುಬಿನಲ್ಲಿರುವ ಫಾಸ್ಫೇಟ್ ಭಾಗಗಳು ಋಣ ವಿದ್ಯುದಾವೇಶವನ್ನು ಹೊಂದಿರುತ್ತವೆ. ಲೈಸಿನ್ ಮತ್ತು ಅರ್ಜಿನಿನ್‌ಗಳು ಧನ ವಿದ್ಯುದಾವೇಶವನ್ನು ಹೊಂದಿರುತ್ತವೆ. ಇವೆರಡರ ನಡುವಣ ಆಕರ್ಷಣೆಯೇ ಎಳೆಯನ್ನು ಹಿಸ್ಟೋನಿನ ಮೇಲೆ ಹಿಡಿದಿಡುವ ಮುಖ್ಯ ಬಲವಾಗಿದೆ.

ಪ್ರೋಟಮಿನ್‌ನ ಇದೇ ಗುಣವು ವೈದ್ಯಕೀಯದಲ್ಲಿಯೂ ಉಪಯೋಗಕ್ಕೆ ಬಂದಿದೆ. ಹೃದಯ ಶಸ್ತ್ರಚಿಕಿತ್ಸೆಯ ವೇಳೆ ರಕ್ತವು ಹೆಪ್ಪುಗಟ್ಟದಂತೆ ನೀಡುವ ಹೆಪಾರಿನ್ ಔಷಧದ ಪ್ರಭಾವವನ್ನು ನಂತರ ತಗ್ಗಿಸಲು ಪ್ರೋಟಮಿನ್ ಅನ್ನು ಬಳಸಲಾಗುತ್ತದೆ. ಇನ್ಸುಲಿನ್ ನಿಧಾನವಾಗಿ ರಕ್ತಕ್ಕೆ ಸೇರುವಂತೆ ಮಾಡಲು 1936ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಹಾಗೆಡಾರ್ನ್‌ರವರು ಅದರೊಂದಿಗೆ ಪ್ರೋಟಮಿನ್ ಅನ್ನು ಸೇರಿಸಿದರು. ಮಧುಮೇಹಿಗಳಿಗೆ ನೀಡುವ ಎನ್‌ಪಿಎಚ್ ಇನ್ಸುಲಿನ್ ಎಂಬ ಹೆಸರಿನಲ್ಲಿರುವ ಪಿ ಅಕ್ಷರವು ಪ್ರೋಟಮಿನ್ ಅನ್ನು ಸೂಚಿಸುತ್ತದೆ.

ಹೈಡೆಲ್‌ಬರ್ಗ್ ಮತ್ತು ನೊಬೆಲ್ ಪ್ರಶಸ್ತಿ

1901ರಲ್ಲಿ ವಿಲ್ಹೆಲ್ಮ್ ಕ್ಯೂನೆಯವರ ಸ್ಥಾನಕ್ಕೆ ಕೊಸೆಲ್‌ರವರು ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಅಲ್ಲಿ 1904ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಕಿನ್‌ರವರೊಂದಿಗೆ ಅರ್ಜಿನೇಸ್ ಎಂಬ ಕಿಣ್ವವನ್ನು ಕಂಡುಹಿಡಿದರು. ಯಕೃತ್ತಿನಲ್ಲಿ ಯೂರಿಯಾ ಉಂಟಾಗುವ ಕಾರ್ಯದಲ್ಲಿ ಈ ಕಿಣ್ವವು ಪಾತ್ರ ವಹಿಸುತ್ತದೆ.

ಪ್ರೋಟೀನುಗಳು ಮತ್ತು ಕೋಶಕೇಂದ್ರದ ವಸ್ತುಗಳ ಕುರಿತ ಸಂಶೋಧನೆಯ ಮೂಲಕ ಜೀವಕೋಶದ ರಸಾಯನದ ತಿಳಿವಳಿಕೆಗೆ ನೀಡಿದ ಕೊಡುಗೆಗಾಗಿ 1910ರ ಶರೀರಕ್ರಿಯಾ ವಿಜ್ಞಾನ ಅಥವಾ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಅವರಿಗೆ ನೀಡಿ ಗೌರವಿಸಲಾಯಿತು. 1911ರಲ್ಲಿ ಅವರು ಅಮೆರಿಕಕ್ಕೆ ಭೇಟಿ ನೀಡಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸ ನೀಡಿದರು.

ಯುದ್ಧಕಾಲದ ನಿಲುವು

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಬ್ರಿಟನ್ನಿನ ನೌಕಾ ದಿಗ್ಬಂಧನದಿಂದಾಗಿ ಜರ್ಮನಿಗೆ ಹೊರಗಿನಿಂದ ಆಹಾರ ಬರುವುದು ಕಡಿಮೆಯಾಯಿತು. 1915ರಿಂದ ರೊಟ್ಟಿಗೂ ಪಡಿತರ ಚೀಟಿ ಜಾರಿಗೆ ಬಂದಿತು. 1916ರಲ್ಲಿ ಆಲೂಗಡ್ಡೆಯ ಬೆಳೆ ವಿಫಲವಾದುದರಿಂದ, ಆ ಚಳಿಗಾಲದಲ್ಲಿ ದನಗಳಿಗೆ ಹಾಕುತ್ತಿದ್ದ ಗಡ್ಡೆಗಳನ್ನೇ ಜನರು ತಿಂದು ದಿನ ದೂಡಬೇಕಾಯಿತು. ಹಸಿವು ಮತ್ತು ಅಪೌಷ್ಟಿಕತೆಯಿಂದ ನಾಗರಿಕರು ಬಹಳವಾಗಿ ಬಳಲಿದರು.

ಜನರಿಗೆ ವಿತರಿಸಲಾಗುತ್ತಿದ್ದ ಆಹಾರದ ಪ್ರಮಾಣವು ಸಾಕಷ್ಟಿದೆ ಎಂದು ದೃಢೀಕರಿಸುವಂತೆ ಸರ್ಕಾರವು ಕೊಸೆಲ್‌ರವರನ್ನು ಒತ್ತಾಯಿಸಿತು. ನೊಬೆಲ್ ಪುರಸ್ಕೃತರೂ ಶರೀರಕ್ರಿಯಾ ರಸಾಯನಶಾಸ್ತ್ರದಲ್ಲಿ ದೇಶದ ಅಗ್ರಗಣ್ಯರೂ ಆಗಿದ್ದ ಅವರ ಒಂದು ಸಹಿಗೆ ಜನರಲ್ಲಿ ಬಹಳ ಬೆಲೆಯಿತ್ತು. ಉಪವಾಸವು ದೇಹದ ಅಂಗಾಂಶಗಳ ಮೇಲೆ ಬೀರುವ ಪರಿಣಾಮವನ್ನು ಸ್ವತಃ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದ ಕೊಸೆಲ್‌ರವರು, ಸತ್ಯವಲ್ಲದ ಸಂಗತಿಯನ್ನು ಸತ್ಯವೆಂದು ದೃಢೀಕರಿಸಲು ನಿರಾಕರಿಸಿದರು. ರಾಜಕೀಯದಲ್ಲಿ ಆಸಕ್ತಿಯಿರದ, ಮಿತಭಾಷಿಯಾದ ವ್ಯಕ್ತಿಯೊಬ್ಬರು ಯುದ್ಧದ ಆವೇಶವು ತುಂಬಿದ್ದ ಕಾಲದಲ್ಲಿ ತಳೆದ ಈ ನಿಲುವನ್ನು ಅವರ ಜೀವನಚರಿತ್ರೆಯಲ್ಲಿ ಗೌರವದಿಂದ ಸ್ಮರಿಸಲಾಗುತ್ತದೆ.

ಕೊನೆಯ ವರ್ಷಗಳು

ಯುದ್ಧಾನಂತರ ಹಲವು ವರ್ಷಗಳ ಕಾಲ ಜರ್ಮನ್ ವಿಜ್ಞಾನಿಗಳಿಗೆ ಅಂತರರಾಷ್ಟ್ರೀಯ ಸಭೆಗಳ ಬಾಗಿಲು ಮುಚ್ಚಿತ್ತು. 1923ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದ ಅಂತರರಾಷ್ಟ್ರೀಯ ಶರೀರಕ್ರಿಯಾ ವಿಜ್ಞಾನ ಸಮ್ಮೇಳನದಲ್ಲಿ ಕೊಸೆಲ್‌ರವರು ಜರ್ಮನಿಯನ್ನು ಪ್ರತಿನಿಧಿಸಿದರು. ಎಡಿನ್‌ಬರೋ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಪದವಿಯನ್ನು ನೀಡಿತು. 1924ರಲ್ಲಿ ಸೇವೆಯಿಂದ ನಿವೃತ್ತರಾದ ಬಳಿಕವೂ ಉಪನ್ಯಾಸಗಳನ್ನು ಮುಂದುವರಿಸಿದರು. 1927ರ ಜುಲೈ 5ರಂದು ಹೈಡೆಲ್‌ಬರ್ಗ್‌ನಲ್ಲಿ ನಿಧನ ಹೊಂದಿದರು. ಪ್ರೋಟಮಿನ್ ಮತ್ತು ಹಿಸ್ಟೋನುಗಳ ಕುರಿತ ಅವರ ಗ್ರಂಥವು ಅವರ ಮರಣಾನಂತರ, 1928ರಲ್ಲಿ ಪ್ರಕಟವಾಯಿತು.

ಮರಣಾನಂತರ ತಿಳಿದುಬಂದ ಸಂಗತಿಗಳು

ಕೊಸೆಲ್‌ರವರ ಜೀವಿತಾವಧಿಯಲ್ಲಿ ಡಿಎನ್‌ಎಯೇ ವಂಶವಾಹಿಯ ವಸ್ತುವೆಂದು ತಿಳಿದಿರಲಿಲ್ಲ. ನ್ಯೂಕ್ಲಿಯಿಕ್ ಆಮ್ಲದಲ್ಲಿರುವ ಪ್ರತ್ಯಾಮ್ಲಗಳು ನಾಲ್ಕೇ ಆದುದರಿಂದ ಅಷ್ಟು ಸರಳವಾದ ವಸ್ತುವು ಅನುವಂಶೀಯತೆಯ ಹೊರೆಯನ್ನು ಹೊರಲಾರದೆಂದು ಹಲವರು ಭಾವಿಸಿದ್ದರು. 1944ರಲ್ಲಿ ಆಸ್ವಾಲ್ಡ್ ಏವರಿ ಮತ್ತು ಸಂಗಡಿಗರ ಪ್ರಯೋಗಗಳು ಡಿಎನ್‌ಎಯ ಪಾತ್ರವನ್ನು ತೋರಿದವು. 1953ರಲ್ಲಿ ಅದರ ಜೋಡಿ ಸುರುಳಿಯ ರಚನೆಯು ತಿಳಿದುಬಂದಿತು. ಅಲ್ಲಿಂದ ಮುಂದೆ ಡಿಎನ್‌ಎ ಪ್ರಸಿದ್ಧಿಗೆ ಬಂದರೆ, ಹಿಸ್ಟೋನನ್ನು ಎಳೆ ಸುತ್ತುವ ಉಂಡೆಯೆಂದಷ್ಟೇ ಬಹುಕಾಲ ಪರಿಗಣಿಸಲಾಯಿತು.

ಈ ಭಾವನೆಯನ್ನು ಬದಲಿಸಿದ ಮುಖ್ಯ ಪ್ರಯೋಗವು 1964ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ನಡೆಯಿತು. ವಿನ್ಸೆಂಟ್ ಆಲ್‌ಫ್ರೆ ಮತ್ತು ಸಹೋದ್ಯೋಗಿಗಳು ಬಳಸಿದ್ದು ಕರುವಿನ ಥೈಮಸ್ ಗ್ರಂಥಿಯ ಕೋಶಕೇಂದ್ರಗಳನ್ನು. ಕೊಸೆಲ್‌ರವರಿಗೆ ಥೈಮಿನ್ ದೊರೆತದ್ದೂ ಇದೇ ಗ್ರಂಥಿಯಿಂದ. ಹಿಸ್ಟೋನಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಸೇರಿದಾಗ ಆರ್‌ಎನ್‌ಎ ತಯಾರಿಕೆಗೆ ಅದು ಒಡ್ಡುತ್ತಿದ್ದ ಅಡ್ಡಿಯು ಕಡಿಮೆಯಾಗುತ್ತದೆ ಎಂದು ಅವರು ತೋರಿಸಿದರು. ಲೈಸಿನ್‌ಗೆ ಅಸಿಟೈಲ್ ಸೇರಿದರೆ ಅದರ ಧನಾವೇಶವು ಇಲ್ಲವಾಗಿ ಎಳೆಯ ಮೇಲಿನ ಹಿಡಿತವು ಸಡಿಲಗೊಳ್ಳುತ್ತದೆ. ಹೀಗೆ, ಯಾವ ವಂಶವಾಹಿಯನ್ನು ಯಾವಾಗ ಓದಬೇಕೆಂಬ ನಿಯಂತ್ರಣದಲ್ಲಿ ಹಿಸ್ಟೋನಿಗೂ ಪಾಲಿದೆಯೆಂಬ ಅರಿವು ಮೂಡಿತು. ಈ ಅಸಿಟೈಲ್ ಗುಂಪನ್ನು ತೆಗೆದುಹಾಕುವ ಕಿಣ್ವಗಳನ್ನು ತಡೆಯುವ ವೊರಿನೊಸ್ಟ್ಯಾಟ್ ಎಂಬ ಔಷಧಕ್ಕೆ, ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ದುಗ್ಧಕೋಶ ಕ್ಯಾನ್ಸರ್‌ನ ಚಿಕಿತ್ಸೆಗಾಗಿ 2006ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

1974ರಲ್ಲಿ ರೋಜರ್ ಕಾರ್ನ್‌ಬರ್ಗ್‌ರವರು ಕ್ರೊಮ್ಯಾಟಿನ್ ಎಂಬುದು ಮಣಿಸರದಂತೆ ಒಂದೇ ಬಗೆಯ ಘಟಕಗಳ ಸಾಲಾಗಿದೆ ಎಂದು ಪ್ರತಿಪಾದಿಸಿದರು. ನ್ಯೂಕ್ಲಿಯೋಸೋಮ್ ಎಂಬ ಈ ಘಟಕದ ತಿರುಳಿನಲ್ಲಿ ನಾಲ್ಕು ಬಗೆಯ ಹಿಸ್ಟೋನುಗಳು ಎರಡೆರಡರಂತೆ ಒಟ್ಟು 8 ಇರುತ್ತವೆ. 1997ರಲ್ಲಿ ಜ್ಯೂರಿಕ್‌ನಲ್ಲಿ ಕ್ಯಾರೊಲಿನ್ ಲೂಗರ್, ಟಿಮೊಥಿ ರಿಚ್ಮಂಡ್ ಮತ್ತು ಸಂಗಡಿಗರು ಕ್ಷ-ಕಿರಣಗಳ ನೆರವಿನಿಂದ ಇದರ ಸೂಕ್ಷ್ಮ ಚಿತ್ರಣವನ್ನು ನೀಡಿದರು. ಸುಮಾರು 147 ಪ್ರತ್ಯಾಮ್ಲ ಜೋಡಿಗಳ ಉದ್ದದ ಡಿಎನ್‌ಎಯು ಹಿಸ್ಟೋನ್ ತಿರುಳಿನ ಸುತ್ತ ಒಂದೂಮುಕ್ಕಾಲು ಸುತ್ತಿಗೆ ಸ್ವಲ್ಪ ಕಡಿಮೆಯಾಗಿ ಸುತ್ತಿಕೊಂಡಿರುವುದು ಅದರಲ್ಲಿ ಸ್ಪಷ್ಟವಾಗಿ ಕಂಡಿತು.

ಉಳಿದಿದ್ದ ಪ್ರಶ್ನೆಯೆಂದರೆ, ಇಷ್ಟು ಬಿಗಿಯಾದ ಸುತ್ತಿನೊಳಗಿನ ಸಂದೇಶವನ್ನು ಜೀವಕೋಶವು ಹೇಗೆ ಓದುತ್ತದೆ ಎಂಬುದು. ನಕಲು ಮಾಡುವ ಆರ್‌ಎನ್‌ಎ ಪಾಲಿಮರೇಸ್ 2 ಎಂಬ ಕಿಣ್ವದ ರಚನೆಯನ್ನು ಕಾರ್ನ್‌ಬರ್ಗ್‌ರವರ ತಂಡವು 2001ರಲ್ಲಿ ಪ್ರಕಟಿಸಿತು. ಪ್ರತಿಲೇಖನದ ಕುರಿತ ಸಂಶೋಧನೆಗಾಗಿ ಅವರಿಗೆ 2006ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿಯು ದೊರೆಯಿತು. ಅತಿಶೀತದಲ್ಲಿ ಅಣುಗಳ ಚಿತ್ರ ತೆಗೆಯುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ, ಈ ಕಿಣ್ವವು ನ್ಯೂಕ್ಲಿಯೋಸೋಮ್‌ನೊಳಗೆ ಸಾಗುತ್ತಿರುವ ಹಂತಗಳನ್ನು 2018ರಲ್ಲಿ ಜಪಾನಿನ ಹಿತೋಶಿ ಕುರುಮಿಜಕ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದರು. ಜರ್ಮನಿಯ ಪ್ಯಾಟ್ರಿಕ್ ಕ್ರಾಮರ್‌ರವರ ತಂಡವೂ ಅದೇ ವರ್ಷ ಇಂತಹ ಚಿತ್ರಣವನ್ನು ನೀಡಿತು. ಕಿಣ್ವವು ಎಳೆಯನ್ನು ಹಿಸ್ಟೋನಿನಿಂದ ಹಂತಹಂತವಾಗಿ ಬಿಡಿಸುತ್ತಾ, ಹಿಡಿತವು ಬಲವಾಗಿರುವ ನಿರ್ದಿಷ್ಟ ಸ್ಥಳಗಳಲ್ಲಿ ತಡೆದು ನಿಲ್ಲುತ್ತಾ, ಮುಂದೆ ಸಾಗುತ್ತದೆ. ಅದಕ್ಕೆ ಸಹಾಯಕ ಪ್ರೋಟೀನುಗಳು ನೆರವಾಗುತ್ತವೆ. ಬಿಡಿಸಲ್ಪಟ್ಟ ಹಿಸ್ಟೋನುಗಳು ಚದುರಿ ಹೋಗದಂತೆ ಇಂತಹ ಪ್ರೋಟೀನುಗಳು ಕಾಪಾಡಿ, ಕಿಣ್ವವು ಹಾದುಹೋದ ನಂತರ ಹಿಂಬದಿಯಲ್ಲಿ ಮತ್ತೆ ಸುತ್ತು ಏರ್ಪಡುವಂತೆ ಮಾಡುತ್ತವೆ ಎಂಬುದನ್ನು 2022ರಲ್ಲಿ ಪ್ರಕಟವಾದ ಚಿತ್ರಣಗಳು ತೋರಿಸಿವೆ.

ಕರ್ನಾಟಕದಲ್ಲಿ ಕ್ರೊಮ್ಯಾಟಿನ್ ಸಂಶೋಧನೆ

ಕೊಸೆಲ್‌ರವರು ಅಧ್ಯಯನ ಮಾಡಿದ ಹಿಸ್ಟೋನ್ ಮತ್ತು ಪ್ರೋಟಮಿನ್‌ಗಳ ಕುರಿತ ಸಂಶೋಧನೆಯು ಬೆಂಗಳೂರಿನಲ್ಲಿಯೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, ನಂತರ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಸೇವೆ ಸಲ್ಲಿಸಿದ ಪ್ರೊ. ಎಂ.ಆರ್.ಎಸ್. ರಾವ್‌ರವರು, ಸಸ್ತನಿಗಳಲ್ಲಿ ವೀರ್ಯಾಣುಗಳು ರೂಪುಗೊಳ್ಳುವಾಗ ಹಿಸ್ಟೋನುಗಳ ಸ್ಥಾನವನ್ನು ಮೊದಲು ಮಧ್ಯಂತರ ಪ್ರೋಟೀನುಗಳೂ ಅನಂತರ ಪ್ರೋಟಮಿನ್‌ಗಳೂ ಪಡೆಯುವ ಕ್ರಮವನ್ನು ದೀರ್ಘಕಾಲ ಅಧ್ಯಯನ ಮಾಡಿದರು. 2010ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದ ಇವರು 2023ರಲ್ಲಿ ನಿಧನರಾದರು.

ಜೀವನದ ಪ್ರಮುಖ ಘಟ್ಟಗಳು

1853 – ರೋಸ್ಟಾಕ್‌ನಲ್ಲಿ ಜನನ
1872 – ಸ್ಟ್ರಾಸ್‌ಬುರ್ಗ್‌ನಲ್ಲಿ ವೈದ್ಯಕೀಯ ವ್ಯಾಸಂಗ ಆರಂಭ
1877 – ಹಾಪ್ಪೆ-ಜೈಲರ್‌ರವರ ಸಹಾಯಕರಾಗಿ ನೇಮಕ
1883 – ಬರ್ಲಿನ್ ವಿಶ್ವವಿದ್ಯಾನಿಲಯಕ್ಕೆ ಸೇರ್ಪಡೆ
1884 – ಹಿಸ್ಟೋನ್ ಶೋಧ
1885 – ಅಡೆನಿನ್ ಶೋಧ
1893–1894 – ಥೈಮಿನ್ ಮತ್ತು ಸೈಟೋಸಿನ್‌ಗಳ ಶೋಧ
1895 – ಮಾರ್ಬುರ್ಗ್‌ನಲ್ಲಿ ಪ್ರಾಧ್ಯಾಪಕ ಹುದ್ದೆ
1896 – ಹಿಸ್ಟಿಡಿನ್ ಶೋಧ
1901 – ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಸೇರ್ಪಡೆ
1910 – ನೊಬೆಲ್ ಪ್ರಶಸ್ತಿ
1924 – ಸೇವೆಯಿಂದ ನಿವೃತ್ತಿ
1927 – ಹೈಡೆಲ್‌ಬರ್ಗ್‌ನಲ್ಲಿ ನಿಧನ

ವಿದ್ಯಾರ್ಥಿಗಳು ಹಾಗೂ ಸಾರ್ವಜನಿಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಲು ಕೋರಲಾಗಿದೆ.